ಪಾಸ್‌ಪೋರ್ಟಿನ ಮುದ್ರೆ ಮತ್ತು ನಮ್ಮ ಗಂಡಸರು

ಹಳೆಯ ಪಾಸ್‌ಪೋರ್ಟ್ ಇಲ್ಲದ ಬ್ಯಾರಿ ಮನೆ ಕಡಿಮೆ. ಅವಧಿ ಮುಗಿದು, ಮೂಲೆ ಕತ್ತರಿಸಿ ರದ್ದು ಮಾಡಿದ ಪುಸ್ತಕವನ್ನೂ ನಮ್ಮ ಉಮ್ಮಂದಿರು ಬಿಸಾಡುವುದಿಲ್ಲ. ಜಾಗದ ಆಧಾರ ಪತ್ರದ ಜೊತೆಯಲ್ಲೇ ಕಪಾಟಿನೊಳಗೆ ಇಟ್ಟಿರುತ್ತಾರೆ. 1980ರ ದಶಕದ ಕೊನೆಯದ್ದೋ 90ರ ದಶಕದ್ದೋ ಒಂದು ಸಿಕ್ಕಿದರೆ ಬಿಡಿಸಿ ನೋಡಿ. ವೀಸಾ ಪುಟಗಳಿಗಿಂತ ಮುಂಚೆ ಒಂದು ಮುದ್ರೆ ಕಾಣುತ್ತದೆ, 'ಎಮಿಗ್ರೇಶನ್ ಚೆಕ್ ರಿಕ್ವಯರ್ಡ್' ಎಂದು. ವಲಸೆ ತಪಾಸಣೆ ಆಗಬೇಕು ಎಂದರ್ಥ. ಊರಲ್ಲಿ ಎಲ್ಲರೂ ಇಸಿಆರ್ ಎನ್ನುತ್ತಾರೆ. ತಪಾಸಣೆ ಬೇಡ ಎನ್ನುವುದು ಇಸಿಎನ್‌ಆರ್. ಎರಡಕ್ಕೂ ಇರುವುದು ಒಂದು ಅಕ್ಷರದ ವ್ಯತ್ಯಾಸ. ಆ ಒಂದು ಅಕ್ಷರಕ್ಕಾಗಿ ನಮ್ಮ ಗಂಡಸರು ಮುಂಬೈಯಲ್ಲಿ ತಿಂಗಳುಗಟ್ಟಲೆ ಕಾದಿದ್ದಾರೆ, ಮನೆಯ ಚಿನ್ನ ಅಡವಿಟ್ಟಿದ್ದಾರೆ.

ನಮ್ಮ ಹಿರಿಯರಿಗೆ ಸರಕಾರಿ ಕಚೇರಿ ಎಂದರೆ ಅಪನಂಬಿಕೆ. ಒಂದು ಅರ್ಜಿ ಕೊಡಬೇಕಾದರೂ 'ಯಾರಾದರೂ ಗುರ್ತದವರು ಇದ್ದಾರಾ' ಎಂದು ಮೊದಲು ಕೇಳುತ್ತಾರೆ. ಇದು ಓದು ಕಡಿಮೆಯಾದ್ದರಿಂದ ಬಂದ ಹೆದರಿಕೆ ಎಂದು ಓದಿದ ನಮ್ಮವರೇ ಹೇಳುವುದುಂಟು. ನನಗೆ ಹಾಗೆ ಅನಿಸುವುದಿಲ್ಲ. ಆ ಅಪನಂಬಿಕೆ ಅನುಭವದಿಂದ ಬಂದದ್ದು, ಅದಕ್ಕೆ ತಾರೀಕು ಹಾಕಿ ಹೇಳಬಹುದಾದ ಚರಿತ್ರೆ ಇದೆ.

ಊರು ಬಿಟ್ಟು ಹೋಗಲು ಪುಸ್ತಕ ಬೇಕು ಎಂಬುದೇ ಹಳೆಯ ಮಾತಲ್ಲ. ಒಂದನೇ ಮಹಾಯುದ್ಧದ ಸಮಯದಲ್ಲಿ ಬ್ರಿಟಿಷರು ಭಾರತದಲ್ಲಿ ಪಾಸ್‌ಪೋರ್ಟ್ ಕಡ್ಡಾಯ ಮಾಡಿದರು. ಯುದ್ಧ ಮುಗಿದ ಮೇಲೆ 1920ರಲ್ಲಿ ಅದಕ್ಕೆ ಕಾಯಿದೆಯೇ ಬಂತು. 1922ರಲ್ಲಿ ವಲಸೆ ಕಾಯಿದೆ ಬಂತು. ಅದಕ್ಕೆ ಕಾರಣ ಬೇರೆ. ಫಿಜಿ, ಮಾರಿಷಸ್, ವೆಸ್ಟ್ ಇಂಡೀಸ್‌ಗಳ ಕಬ್ಬಿನ ತೋಟಗಳಿಗೆ ನಮ್ಮ ದೇಶದ ಬಡವರನ್ನು ಕರಾರು ಬರೆಸಿ ಹಡಗಿನಲ್ಲಿ ತುಂಬಿ ಕಳಿಸುತ್ತಿದ್ದರು. ಆ ಪದ್ಧತಿಯ ವಿರುದ್ಧ ದೇಶವೇ ಎದ್ದು ನಿಂತು ಅದು ನಿಂತಿತು. ಮತ್ತೆ ಹಾಗಾಗಬಾರದು ಎಂದು ಮಾಡಿದ ಕಾಯಿದೆ ಅದು. ಉದ್ದೇಶ ಒಳ್ಳೆಯದೇ. ಆದರೆ ಕೂಲಿ ಹಡಗುಗಳ ಕಾಲದಲ್ಲಿ ಬಂದರಿನಲ್ಲಿ ಕುಳಿತು ತಲೆ ಎಣಿಸುತ್ತಿದ್ದ ಅಧಿಕಾರಿಯ ಹುದ್ದೆ ಹಾಗೇ ಉಳಿಯಿತು, ಹೆಸರು ಸಮೇತ: 'ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್', ವಲಸಿಗರ ರಕ್ಷಕ. ಈಗಲೂ ಆ ಹುದ್ದೆಗೆ ಅದೇ ಹೆಸರು.

ಅದೇ ಕಾಲದಲ್ಲಿ ಕೊಲ್ಲಿಯ ಕಡೆ ಏನಾಗುತ್ತಿತ್ತು ಎಂಬುದನ್ನೂ ಜೊತೆಗೇ ನೋಡಬೇಕು. 1947ರ ತನಕ ಕೊಲ್ಲಿಯ ಬ್ರಿಟಿಷ್ ಅಧಿಕಾರಿಗಳು ಇದ್ದದ್ದು ಭಾರತ ಸರಕಾರದ ಕೈಕೆಳಗೆ. ಅಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿ. ಸ್ವಾತಂತ್ರ್ಯ ಬಂದ ಮೇಲೂ ಅದು ನಿಲ್ಲಲಿಲ್ಲ, 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗಾಗಿಯೇ ಬೇರೆ ಬಣ್ಣದ ನೋಟು ಹೊರಡಿಸಿತು. 1966ರಲ್ಲಿ ಇಲ್ಲಿ ರೂಪಾಯಿ ಅಪಮೌಲ್ಯವಾದಾಗ ದುಬೈ, ಕತಾರ್ ಕಡೆಯವರು ಅದನ್ನು ಕೈಬಿಟ್ಟರು. ಮುಂಬೈಯಿಂದ ಬಸ್ರಾ ತನಕ ಬ್ರಿಟಿಷ್ ಇಂಡಿಯಾ ಕಂಪೆನಿಯ ಹಡಗುಗಳು ಹೋಗಿಬರುತ್ತಿದ್ದವು. ದುಮ್ರಾ, ದ್ವಾರಕಾ, ದರೇಸಾ, ದಾರಾ ಎಂಬ ಆ ಹೆಸರುಗಳು 80 ದಾಟಿದ ಹಿರಿಯರಿಗೆ ನೆನಪಿರಬಹುದು. 1961ರ ಎಪ್ರಿಲ್ 8ರಂದು ದುಬೈ ಸಮೀಪದ ಕಡಲಲ್ಲಿ ದಾರಾ ಹಡಗಿನಲ್ಲಿ ಸ್ಫೋಟವಾಗಿ 238 ಮಂದಿ ತೀರಿಹೋದರು. ಆದರೂ ಆ ದಾರಿಯಲ್ಲಿ ಜನ ಕಡಿಮೆಯಾಗಲಿಲ್ಲ. ಕೊನೆಯ ಹಡಗು ದ್ವಾರಕಾ ನಿಂತದ್ದು 1982ರಲ್ಲಿ.

ಹಡಗಿಗೆ ಟಿಕೆಟ್ ಬೇಕು, ಟಿಕೆಟಿಗೆ ಪಾಸ್‌ಪೋರ್ಟ್ ಬೇಕು. ಅದು ಸಿಗದವರು ಲಾಂಚ್ ಹತ್ತಿದರು. 1960ರ ದಶಕದಲ್ಲಿ ಮಲಬಾರಿನಿಂದಲೂ ಮುಂಬೈಯಿಂದಲೂ ಹೊರಟ ಲಾಂಚುಗಳು ಖೋರ್ ಫಕ್ಕಾನಿನ ಬಂಡೆ ಕಾಣುವಲ್ಲಿ ನಿಲ್ಲುತ್ತಿದ್ದವು. ದಡದ ತನಕ ಬರುತ್ತಿರಲಿಲ್ಲ. ಬಟ್ಟೆಯ ಗಂಟನ್ನು ತಲೆಗೆ ಕಟ್ಟಿಕೊಂಡು ಈಜಿ ದಡ ಸೇರಬೇಕು. ಈಜಲಾಗದೆ ಮುಳುಗಿದವರ ಲೆಕ್ಕ ಯಾವ ಕಚೇರಿಯಲ್ಲೂ ಇಲ್ಲ. ಲೆಕ್ಕವೇ ಇಲ್ಲದ ಜನ ಅವರು.

ಇಷ್ಟೆಲ್ಲ ಕಷ್ಟ ಯಾಕೆ, ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದಿತ್ತಲ್ಲ ಎಂದು ಈಗಿನ ಮಕ್ಕಳು ಕೇಳುತ್ತಾರೆ. 1967ರ ತನಕ ಪಾಸ್‌ಪೋರ್ಟ್ ಎಂಬುದು ಪ್ರಜೆಯ ಹಕ್ಕಾಗಿರಲಿಲ್ಲ, ಸರಕಾರದ ಮರ್ಜಿಯಾಗಿತ್ತು. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ವಿಚಿತ್ರ ಏನೆಂದರೆ, ದೇಶ ಬಿಡಲು ಪಾಸ್‌ಪೋರ್ಟ್ ಬೇಕು ಎನ್ನುವ ಕಾನೂನೇ ಇರಲಿಲ್ಲ. 1920ರ ಕಾಯಿದೆ ಕೇಳುತ್ತಿದ್ದದ್ದು ಒಳಗೆ ಬರಲು. ಆದರೆ ಮರಳಿ ಬರಲಾಗದವನಿಗೆ, ಪುಸ್ತಕ ಇಲ್ಲದವನಿಗೆ ಹಡಗಿನವರೂ ವಿಮಾನದವರೂ ಟಿಕೆಟ್ ಕೊಡುವುದಿಲ್ಲ. ಹಾಗಾಗಿ ಕಾನೂನು ಬರೆಯದೆಯೇ ಬಾಗಿಲು ಮುಚ್ಚಿತ್ತು.

ಇದನ್ನು ಪ್ರಶ್ನಿಸಿದ ಹೈಕೋರ್ಟುಗಳಲ್ಲಿ ಎರಡು ನಮ್ಮ ಎಡ ಬಲದವು ಎಂದು ತಿಳಿದಾಗ ನನಗೆ ಖುಷಿಯಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ತುಂಡಾಗಿ ಕೇರಳಕ್ಕೆ ಹೋಯಿತು. ತಲಪಾಡಿಯ ಆಚೆ ಮೈಸೂರು ರಾಜ್ಯ, ಈಚೆ ಕೇರಳ. ಬೇರೆ ವಿಷಯದಲ್ಲಿ ಒಮ್ಮತ ಇಲ್ಲದ ಈ ಎರಡು ರಾಜ್ಯಗಳ ಹೈಕೋರ್ಟುಗಳು 1965ರ ಹೊತ್ತಿಗೆ ಒಂದೇ ಮಾತು ಹೇಳಿದವು: ವಿದೇಶಕ್ಕೆ ಹೋಗಿಬರುವುದು ಸಂವಿಧಾನದ 21ನೇ ವಿಧಿ ಕೊಟ್ಟ ವೈಯಕ್ತಿಕ ಸ್ವಾತಂತ್ರ್ಯದ ಭಾಗ. ಮುಂಬೈ ಹೈಕೋರ್ಟೂ ಹಾಗೆಯೇ ಹೇಳಿತು, ದೆಹಲಿಯದ್ದು ಒಪ್ಪಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿಗೆ ಅರ್ಜಿ ಹಾಕಿದವರು ಸತ್ವಂತ್ ಸಿಂಗ್ ಸಾಹ್ನಿ, ವಾಹನದ ಬಿಡಿಭಾಗಗಳ ವ್ಯಾಪಾರಿ. ಸರಕಾರ ಅವರ ಪಾಸ್‌ಪೋರ್ಟ್ ವಾಪಸ್ ಕೇಳಿತ್ತು. 1967ರ ಎಪ್ರಿಲ್ 10ರಂದು ಐದು ನ್ಯಾಯಾಧೀಶರ ಪೀಠದಲ್ಲಿ ಮೂವರು, ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರ ಮುಂದಾಳತ್ವದಲ್ಲಿ, ಕಾನೂನಿಲ್ಲದೆ ಯಾರ ಪಾಸ್‌ಪೋರ್ಟನ್ನೂ ತಡೆಹಿಡಿಯುವಂತಿಲ್ಲ ಎಂದರು. ಉಳಿದ ಇಬ್ಬರು ಒಪ್ಪಲಿಲ್ಲ. ಮೂರಕ್ಕೆ ಎರಡು. ಅಷ್ಟು ಸಣ್ಣ ಅಂತರದಲ್ಲಿ ನಮಗೆ ಈ ಹಕ್ಕು ಸಿಕ್ಕಿದ್ದು.

ಸರಕಾರವೂ ಸುಮ್ಮನೆ ಕೂರಲಿಲ್ಲ. 'ಕಾನೂನಿಲ್ಲ ಎಂದಿರಲ್ಲ, ಇಗೋ ಕಾನೂನು' ಎಂಬಂತೆ ಎರಡೂವರೆ ತಿಂಗಳೊಳಗೆ, ಅದೇ ಜೂನ್ 24ಕ್ಕೆ, ಪಾಸ್‌ಪೋರ್ಟ್ ಕಾಯಿದೆ ತಂದಿತು. ಹಕ್ಕು ಬಂತು, ಹಕ್ಕನ್ನು ಹಿಡಿಯುವ ಕಲಮುಗಳೂ ಬಂದವು. ಆ ಕಲಮುಗಳಿಗೆ ಕಡಿವಾಣ ಬಿದ್ದದ್ದು 1978ರ ಜನವರಿ 25ರ ಮೇನಕಾ ಗಾಂಧಿ ತೀರ್ಪಿನಲ್ಲಿ. ಕಾರಣ ಹೇಳದೆ, ಮಾತು ಕೇಳದೆ ಪಾಸ್‌ಪೋರ್ಟ್ ಕಿತ್ತುಕೊಳ್ಳುವಂತಿಲ್ಲ ಎಂದಾಯಿತು. ಕಾನೂನು ಕಾಲೇಜಿನ ಮಕ್ಕಳು ಈ ಎರಡು ತೀರ್ಪುಗಳನ್ನು ಬಾಯಿಪಾಠ ಮಾಡುತ್ತಾರೆ. ಗಲ್ಫಿನ ದುಡ್ಡಿನಿಂದ ಕಟ್ಟಿದ ಮನೆಗಳಲ್ಲಿ ಮಾತ್ರ ಇದರ ಹೆಸರೂ ಗೊತ್ತಿಲ್ಲ.

ಗೊತ್ತಿಲ್ಲದಿರಲು ಕಾರಣವೂ ಇದೆ. ಆ ತೀರ್ಪುಗಳು ನಮ್ಮ ಗಂಡಸರ ಬಾಗಿಲ ತನಕ ಬರಲೇ ಇಲ್ಲ. ವ್ಯಾಪಾರಿಗೆ, ರಾಜಕಾರಣಿಯ ಮನೆಯವರಿಗೆ ಪಾಸ್‌ಪೋರ್ಟ್ ಇದ್ದರೆ ವಿಮಾನ ಹತ್ತಬಹುದು. ಕೈಕೆಲಸಕ್ಕೆ ಹೋಗುವವನಿಗೆ ಪಾಸ್‌ಪೋರ್ಟಿನ ಮೇಲೆ ಇನ್ನೊಂದು ಅಪ್ಪಣೆ ಬೇಕು. 1922ರ ಕಾಯಿದೆ ಹೋಗಿ 1983ರ ವಲಸೆ ಕಾಯಿದೆ ಬಂತು, ಆ ಡಿಸೆಂಬರ್ 30ರಿಂದ ಜಾರಿಯಾಯಿತು. ಅದರಲ್ಲಿ ಒಳ್ಳೆಯದು ಇಲ್ಲ ಎನ್ನಲಾರೆ. ಏಜೆಂಟನಿಗೆ ಲೈಸೆನ್ಸ್ ಬೇಕು, ಠೇವಣಿ ಇಡಬೇಕು, ಕರಾರು ಪತ್ರ ತೋರಿಸಬೇಕು ಎಂದಿತ್ತು. ಆದರೆ ಬಾಗಿಲು ಕಾಯುವವರು ನೋಡಿದ್ದು ಹೋಗುವವನ ಮುಖವನ್ನೇ ಹೊರತು ಏಜೆಂಟನ ಮುಖವನ್ನಲ್ಲ. ಪ್ರೊಟೆಕ್ಟರರ ಅಪ್ಪಣೆ ಇಲ್ಲದೆ ದೇಶ ಬಿಡುವಂತಿಲ್ಲ.

ಯಾರಿಗೆ ತಪಾಸಣೆ ಬೇಡ ಎಂಬ ಪಟ್ಟಿ ಓದಿದರೆ ಎಲ್ಲ ಅರ್ಥವಾಗುತ್ತದೆ. ಆದಾಯ ತೆರಿಗೆ ಕಟ್ಟುವವನಿಗೆ ಬೇಡ, ಪದವಿ ಇದ್ದವನಿಗೆ ಬೇಡ, ಸರಕಾರಿ ನೌಕರನಿಗೆ ಬೇಡ. ನನ್ನಂಥ ಡಿಪ್ಲೊಮಾದವನಿಗೂ ಬೇಡ. ಈಗ ಹತ್ತನೇ ತರಗತಿ ಪಾಸಾಗಿದ್ದರೆ ಸಾಕು, ಮೊದಲು ಅದಕ್ಕಿಂತ ಹೆಚ್ಚಿನ ಓದು ಕೇಳುತ್ತಿದ್ದರು. ಇನ್ನೂ ಒಂದು ಇದೆ: ಈ ತಪಾಸಣೆ ಇರುವುದು ಕೆಲವು ದೇಶಗಳಿಗೆ ಮಾತ್ರ, ಅದರಲ್ಲಿ ಕೊಲ್ಲಿಯ ದೇಶಗಳೆಲ್ಲ ಸೇರಿವೆ. ಅದೇ ಮನುಷ್ಯ ಅದೇ ಪಾಸ್‌ಪೋರ್ಟಿನಲ್ಲಿ ಅಮೆರಿಕಕ್ಕೆ ಹೋದರೆ ಪ್ರೊಟೆಕ್ಟರ್ ಕೇಳುವುದಿಲ್ಲ. ಅಂದರೆ ನಿನ್ನ ಒಳಿತು ಯಾವುದು ಎಂದು ತೀರ್ಮಾನಿಸುವ ಬುದ್ಧಿ ಶಾಲೆ ಬಿಟ್ಟವನಿಗೆ ಇಲ್ಲ, ಶಾಲೆ ಮುಗಿಸಿದವನಿಗೆ ಇದೆ ಎಂದು ಸರಕಾರ ಪುಸ್ತಕದಲ್ಲೇ ಮುದ್ರೆ ಹೊಡೆದು ಹೇಳಿದ ಹಾಗಾಯಿತು. ನಮ್ಮಲ್ಲಿ ಯಾರು ಶಾಲೆ ಬಿಟ್ಟರು? ಮನೆಯ ದೊಡ್ಡ ಮಗ ಬಿಟ್ಟ. ತಂಗಿಯಂದಿರ ಮದುವೆ ಇದೆ ಎಂದು ಏಳನೇ, ಎಂಟನೇ ತರಗತಿಗೆ ನಿಲ್ಲಿಸಿ ಹೋಟೆಲಿಗೋ ಮೀನಿನ ಲಾರಿಗೋ ಹೋದವನು ಅವನು. ಯಾವ ಜವಾಬ್ದಾರಿ ಹೊತ್ತದ್ದರಿಂದ ಅವನ ಓದು ನಿಂತಿತೋ ಅದೇ ಕಾರಣಕ್ಕೆ ಅವನಿಗೆ ತಪಾಸಣೆ.

ನನ್ನ ಉಪ್ಪನದ್ದು ಉಪ್ಪಳದ ಕಡೆ ಒಂದು ದಿನಸಿ ಅಂಗಡಿ. ಗಲ್ಫಿಗೆ ಹೊರಟವರ ಕಾಗದಪತ್ರ ಆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಎಷ್ಟೋ ಬಂದಿವೆ, ಯಾಕೆಂದರೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವವರು ಆ ಪೇಟೆಯಲ್ಲಿ ನಾಲ್ಕೈದು ಮಂದಿ, ಉಪ್ಪ ಅದರಲ್ಲಿ ಒಬ್ಬರು. ಗಡಿಯ ನಮ್ಮಂಥವರಿಗೆ ಇನ್ನೊಂದು ತೊಡಕು. ಶಾಲೆಯ ಸರ್ಟಿಫಿಕೇಟಿನಲ್ಲಿ ಹೆಸರು ಕನ್ನಡದ ಮಾಸ್ತರು ಬರೆದ ಹಾಗೆ, ರೇಶನ್ ಕಾರ್ಡಿನಲ್ಲಿ ಮಲಯಾಳದವರು ಬರೆದ ಹಾಗೆ, ಮನೆಯಲ್ಲಿ ಕರೆಯುವುದು ಬ್ಯಾರಿ ಬಾಸೆಯಲ್ಲಿ ಬೇರೆಯೇ. ಮೂರನ್ನೂ ಇಂಗ್ಲಿಷಿಗೆ ತಂದರೆ ಮೂರು ಮನುಷ್ಯರಾಗುತ್ತಾರೆ. ಮಹಮ್ಮದ್, ಮುಹಮ್ಮದ್, ಮೊಹಮ್ಮದ್. ಕುಂಞಿ ಎಂಬ ಹೆಸರನ್ನು ಎಷ್ಟು ವಿಧದಲ್ಲಿ ಬರೆಯಬಹುದು ಎಂದು ಲೆಕ್ಕ ಹಾಕಿ ನೋಡಿ ಮಾರಾಯ್ರೇ. ಕಚೇರಿಯವನು 'ಇದು ನೀನಲ್ಲ' ಎಂದರೆ ನಾನೇ ಎಂದು ತೋರಿಸಲು ಇನ್ನೊಂದು ಕಾಗದ, ಅದಕ್ಕೆ ಇನ್ನೊಂದು ಸಹಿ.

ಇಲ್ಲಿಗೆ ಏಜೆಂಟ್ ಬಂದ. ಮುಂಬೈಯ ಭೇಂಡಿ ಬಜಾರ್, ಡೋಂಗ್ರಿ ಕಡೆಯ ರೂಮುಗಳಲ್ಲಿ ನಮ್ಮ ಹುಡುಗರು ಚಾಪೆ ಹಾಸಿ ಕಾದರು. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ, ಮಂಗಳೂರಿನಿಂದ ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ಅದಕ್ಕೆ ಮೊದಲು ಬಸ್ಸಿನಲ್ಲಿ ಹಗಲು ರಾತ್ರಿ ಕೂತು ಮುಂಬೈ ಸೇರಿದವನಿಗೆ ಬರಿಗೈಯಲ್ಲಿ ಊರಿಗೆ ಮರಳುವ ಮುಖ ಇರಲಿಲ್ಲ. ಪ್ರೊಟೆಕ್ಟರರ ಮುದ್ರೆ ಇಲ್ಲದೆ ವಿಮಾನ ನಿಲ್ದಾಣದ ಕೌಂಟರ್ ದಾಟಿಸುವುದಕ್ಕೆ ಒಂದು ಹೆಸರೇ ಬಂತು, 'ಪುಶಿಂಗ್'. ಮಲಯಾಳದಲ್ಲಿ 'ಚವಿಟ್ಟಿಕಯಟ್ಟ್' ಎಂದರು, ತುಳಿದು ಹತ್ತಿಸುವುದು ಎಂದರ್ಥ. ಆ ಶಬ್ದದಲ್ಲೇ ಎಲ್ಲ ಇದೆ. ತುಳಿದದ್ದು ಯಾರನ್ನು ಎಂದು ಕೇಳಬೇಕಾಗಿಲ್ಲ.

ಹಿರಿಯರ ಅಪನಂಬಿಕೆಗೆ ಕಾರಣ ಇತ್ತು ಎಂದೆ. ಆದರೆ ಅದು ಅವರನ್ನು ಎಲ್ಲಿಗೆ ಮುಟ್ಟಿಸಿತು ಎಂಬುದನ್ನೂ ಹೇಳಬೇಕು. ಕಚೇರಿಯನ್ನು ನಂಬದವನು ಏಜೆಂಟನನ್ನು ಕಣ್ಣು ಮುಚ್ಚಿ ನಂಬಿದ. ಕಚೇರಿಯವನು ರಸೀದಿಯಾದರೂ ಕೊಡುತ್ತಿದ್ದ. ಈಗಿನ ನಿಯಮದಲ್ಲಿ ಏಜೆಂಟ್ 30,000 ರೂಪಾಯಿಗಿಂತ ಹೆಚ್ಚು ಶುಲ್ಕ ತೆಗೆದುಕೊಳ್ಳುವಂತಿಲ್ಲ. ಈ ಮಾತನ್ನು ಮದುವೆ ಮನೆಯಲ್ಲಿ ಹೇಳಿ ನೋಡಿ, ನಗುತ್ತಾರೆ. ನಮ್ಮ ಜಮಾಅತಿನವನು, ನಮ್ಮ ಭಾಷೆಯವನು ಎಂಬ ಒಂದೇ ಕಾರಣಕ್ಕೆ ಕೊಟ್ಟ ದುಡ್ಡಿಗೆ ಲೆಕ್ಕ ಕೇಳದವರು ನಾವು. ಅಧಿಕಾರವನ್ನು ಅನುಮಾನಿಸುವುದಾದರೆ ಎಲ್ಲ ಅಧಿಕಾರವನ್ನೂ ಅನುಮಾನಿಸಬೇಕು, ಅತ್ತರು ಹಾಕಿಕೊಂಡು ಬಂದು ಸಲಾಂ ಹೇಳುವುದನ್ನೂ.

ಇನ್ನು ಆಚೆ ದಡ. ಕಫಾಲ ಎಂದರೆ ಅರಬರ ಹಳೆಯ ಪದ್ಧತಿ, ಮರುಭೂಮಿಯ ಅತಿಥಿ ಸತ್ಕಾರದಿಂದ ಬಂದದ್ದು ಎಂದು ನಮ್ಮಲ್ಲಿ ತುಂಬ ಜನ ನಂಬಿದ್ದಾರೆ. ಬಹ್ರೇನಿನ ಸಂಶೋಧಕ ಒಮರ್ ಅಲ್‌ಶೆಹಾಬಿ ಹಳೆಯ ದಾಖಲೆಗಳನ್ನು ನೋಡಿ ಬೇರೆಯೇ ಹೇಳುತ್ತಾರೆ. ಈಗ ನಾವು ಕಾಣುವ ರೂಪದ ಕಫಾಲದ ಬೇರು ಇರುವುದು 1920ರ ದಶಕದ ಬಹ್ರೇನಿನಲ್ಲಿ, ಬ್ರಿಟಿಷ್ ಅಧಿಕಾರಿಗಳ ಕಡತದಲ್ಲಿ. ಮುತ್ತಿನ ಹಡಗಿಗೂ ನಂತರ ಎಣ್ಣೆ ಕೆಲಸಕ್ಕೂ ಬರುವ ಪರದೇಶಿಗೆ ಒಬ್ಬ ಜವಾಬ್ದಾರ ಇರಬೇಕು, ಅವನು ಓಡಿಹೋದರೆ ಈ ಜವಾಬ್ದಾರನನ್ನು ಹಿಡಿಯಬಹುದು ಎಂಬ ಲೆಕ್ಕಾಚಾರ. ಮೊದಲು ಹೇಳಿದೆನಲ್ಲ, ಆ ಅಧಿಕಾರಿಗಳು ಆಗ ಇದ್ದದ್ದು ಭಾರತ ಸರಕಾರದ ಕೈಕೆಳಗೆ. 1920ರ ಪಾಸ್‌ಪೋರ್ಟ್ ಕಾಯಿದೆ, 1922ರ ವಲಸೆ ಕಾಯಿದೆ, ಬಹ್ರೇನಿನ ಜಾಮೀನು ಪದ್ಧತಿ, ಮೂರೂ ಒಂದೇ ಆಡಳಿತದ ನೆರಳಿನಲ್ಲಿ ಒಂದೇ ಹತ್ತಿಪ್ಪತ್ತು ವರ್ಷದೊಳಗೆ ಬಂದವು. ಈಚೆ ದಡದ ಬೀಗ ಮತ್ತು ಆಚೆ ದಡದ ಬೀಗ ಒಂದೇ ಕಮ್ಮಾರನವು.

ಕಫೀಲನ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸುವಂತಿರಲಿಲ್ಲ. ಸೌದಿಯಲ್ಲಿ, ಕತಾರಿನಲ್ಲಿ ಊರಿಗೆ ಬರಲೂ ಅವನ ಒಪ್ಪಿಗೆ ಬೇಕಿತ್ತು. ಖುರೂಜ್, ಹುರೂಬ್ ಎಂಬ ಶಬ್ದಗಳು ಅರಬ್ಬಿ ಕಲಿಯದ ನಮ್ಮ ಅಜ್ಜಿಯಂದಿರಿಗೂ ಗೊತ್ತು. ಮೊದಲನೆಯದ್ದು ಹೊರಡಲು ಅಪ್ಪಣೆ, ಎರಡನೆಯದ್ದು ಓಡಿಹೋದವನೆಂಬ ದೂರು. ಎರಡೂ ಕಫೀಲನ ಕೈಯಲ್ಲೇ ಇದ್ದವು. ಇದರ ನಡುವೆ ನಮ್ಮವರು ಒಂದು ಉಪಾಯ ಕಂಡುಕೊಂಡರು. ಕಫೀಲನಿಗೆ ವರ್ಷಕ್ಕಿಷ್ಟು ಎಂದು ದುಡ್ಡು ಕೊಟ್ಟರೆ ಅವನು ಬೇರೆ ಕಡೆ ದುಡಿಯಲು ಬಿಡುತ್ತಾನೆ. ಅದಕ್ಕೆ ಇಟ್ಟ ಹೆಸರು 'ಫ್ರೀ ವೀಸಾ'. ಎಲ್ಲಕ್ಕಿಂತ ಹೆಚ್ಚು ದುಡ್ಡು ಕೊಟ್ಟು ಪಡೆಯುವ ವೀಸಾಕ್ಕೆ ಆ ಹೆಸರು! ಕಾನೂನಿನ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ, ಹಿಡಿದರೆ ಜೈಲು. ಆದರೂ ಜನ ಅದನ್ನೇ ಬಯಸಿದರು. ನಾಳೆ ಯಾರ ಹತ್ತಿರ ಕೆಲಸ ಮಾಡಬೇಕು ಎಂದು ತಾನೇ ತೀರ್ಮಾನಿಸುವ ಸುಖಕ್ಕೆ ಅಷ್ಟು ಬೆಲೆ ಕಟ್ಟಿದರು. ಬ್ಯಾರಿ ವ್ಯಾಪಾರಿ ಜನಾಂಗ, ಒಬ್ಬರ ಕೈಕೆಳಗೆ ಇರಲು ಒಗ್ಗದವರು ಎಂದು ಉಪ್ಪ ಹೇಳುತ್ತಿದ್ದರು. ಅದು ಜಂಬದ ಮಾತು ಇರಬಹುದು. ಫ್ರೀ ವೀಸಾದ ವಿಷಯ ನೋಡಿದರೆ ನಿಜವೂ ಇರಬಹುದು.

ನಾನೂ ಡಿಪ್ಲೊಮಾ ಮುಗಿಸಿ ಮೂರು ವರ್ಷ ಅಲ್ಲಿ ಚಿಲ್ಲರ್ ಪ್ಲಾಂಟಿನಲ್ಲಿ ದುಡಿದವ. ಕಂಪೆನಿಯ ಹೆಸರು ಬೇಡ. ಇಳಿದ ಮರುದಿನ ಮೆಡಿಕಲ್‌ಗೆ ಎಂದು ಪಾಸ್‌ಪೋರ್ಟ್ ತೆಗೆದುಕೊಂಡರು, ಮತ್ತೆ ಅದನ್ನು ಕಂಡದ್ದು ಲೀವಿಗೆ ಹೊರಡುವ ಹಿಂದಿನ ಸಂಜೆ, ರಿಜಿಸ್ಟರಿನಲ್ಲಿ ಸಹಿ ಹಾಕಿದ ಮೇಲೆ. ಆ ಪುಸ್ತಕ ಭಾರತ ಸರಕಾರದ ಸೊತ್ತು ಎಂದು ಅದರಲ್ಲೇ ಅಚ್ಚಾಗಿದೆ. ಇಟ್ಟುಕೊಳ್ಳುವುದು ಆ ದೇಶದ ಕಾನೂನಿಗೂ ವಿರುದ್ಧ. ಇದನ್ನು ಕ್ಯಾಂಪಿನ ಹಿರಿಯ ಫೋರ್‌ಮನ್ ಒಬ್ಬರಿಗೆ ಹೇಳಿದಾಗ ಅವರು ನಕ್ಕು, 'ನೀನು ಇಸಿಎನ್‌ಆರ್ ಹುಡುಗ ಅಲ್ವಾ, ಹಾಗೆ' ಎಂದರು. ಪೈಪ್‌ಲೈನಿನಲ್ಲಿ ನಾನ್-ರಿಟರ್ನ್ ವಾಲ್ವ್ ಅಂತ ಒಂದು ಇರುತ್ತದೆ, ನೀರು ಮುಂದೆ ಹೋಗಲು ಬಿಡುತ್ತದೆ, ಹಿಂದೆ ಬರಲು ಬಿಡುವುದಿಲ್ಲ. ಊರಿನಲ್ಲಿ ಅಂಥದ್ದೊಂದು, ಅಲ್ಲಿ ಅಂಥದ್ದೊಂದು.

ಕತಾರ್ 2018ರಲ್ಲಿ ಹೆಚ್ಚಿನವರಿಗೆ ಹೊರಡುವ ಅಪ್ಪಣೆಯ ನಿಯಮ ತೆಗೆಯಿತು, 2020ರಲ್ಲಿ ಕೆಲಸ ಬದಲಿಸಲು ಮಾಲಕನ ಪತ್ರ ಬೇಡ ಎಂದಿತು. ಸೌದಿ 2021ರ ಮಾರ್ಚಿನಲ್ಲಿ ಸ್ವಲ್ಪ ಸಡಿಲ ಮಾಡಿತು. ಇಷ್ಟು ಆಗಲು ನೂರು ವರ್ಷ ಹಿಡಿಯಿತು.

ಇದೆಲ್ಲ ಕಾಗದದ ಚರಿತ್ರೆ. ಮನಸ್ಸಿನದ್ದು ಎಲ್ಲಿದೆ? ನಮ್ಮ ಹೆಂಗಸರ ದುಃಖವನ್ನು ಬರೆಯಲು ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ಇದ್ದರು. 'ಚಂದ್ರಗಿರಿಯ ತೀರದಲ್ಲಿ' ಬಂದಾಗ ಸಮುದಾಯ ಸಿಟ್ಟು ಮಾಡಿಕೊಂಡಿತು, ಆದರೆ ವಿಷಯ ಹೊರಗೆ ಬಂತು. ಗಂಡಸರದ್ದು ಬರಲೇ ಇಲ್ಲ. ಎರಡು ವರ್ಷಕ್ಕೊಮ್ಮೆ ಒಂದೂವರೆ ಎರಡು ತಿಂಗಳ ರಜೆಯ ಲೆಕ್ಕದಲ್ಲಿ 30 ವರ್ಷ ದುಡಿದವನು ಹೆಂಡತಿ ಮಕ್ಕಳ ಜೊತೆ ಒಟ್ಟು ಎಷ್ಟು ಇದ್ದ ಎಂದು ಕೂಡಿಸಿ ನೋಡಿ. ಎರಡೂವರೆ ವರ್ಷ ದಾಟುವುದಿಲ್ಲ. ರಜೆಯಲ್ಲಿ ಬಂದವನನ್ನು ಮಗು 'ಯಾರು' ಎಂದು ನೋಡುತ್ತದೆ. ಅವನು ನಗುತ್ತಾನೆ, ಪೆಟ್ಟಿಗೆ ಬಿಚ್ಚುತ್ತಾನೆ. ಗಂಡಸು ಎಂದರೆ ಪೆಟ್ಟಿಗೆ ಬಿಚ್ಚುವವನು.

ಮೌನಕ್ಕೆ ಒಂದು ಕಾರಣ ಭಾಷೆ ಎಂದು ನನಗೆ ಅನಿಸುತ್ತದೆ. ಮನೆಯಲ್ಲಿ ಆಡುವುದು ಬ್ಯಾರಿ, ಪತ್ರ ಬರೆಯುವುದು ಕನ್ನಡ. ಕೆಲವರು ಮಲಯಾಳ, ಕೆಲವರು ಅರಬಿ ಮಲಯಾಳ. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ 'ನಾನು ಇಲ್ಲಿ ಕ್ಷೇಮ, ನೀವೂ ಕ್ಷೇಮವೆಂದು ನಂಬುತ್ತೇನೆ' ಎಂದು ಬರೆಯಬಹುದು, ರಾತ್ರಿ ನಿದ್ದೆ ಬರುವುದಿಲ್ಲ ಎಂದು ಬರೆಯುವುದು ಹೇಗೆ? ಅದೂ ಆ ಪತ್ರವನ್ನು ಓದಿ ಹೇಳುವವನು ಅಂಗಡಿಯ ಕಾಕ ಅಥವಾ ಪಕ್ಕದ ಮನೆಯ ಹುಡುಗ ಆಗಿರುವಾಗ. ಟೇಪ್ ರೆಕಾರ್ಡರ್ ಬಂದ ಮೇಲೆ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುವ ರೂಢಿ ಶುರುವಾಯಿತು. ಮೊದಲ ಸಲ ಬ್ಯಾರಿ ಬಾಸೆಯೇ ಕಡಲು ದಾಟಿ ಮನೆಗೆ ಬಂತು. ಅಂಥ ಕ್ಯಾಸೆಟ್ಟುಗಳು ಈಗ ಫಂಗಸ್ ಹಿಡಿದು ಅಟ್ಟದಲ್ಲಿವೆ. ನನಗೆ ಅವು ಆಧಾರ ಪತ್ರಕ್ಕಿಂತ ದೊಡ್ಡ ದಾಖಲೆ. 1970ರ ದಶಕದ ಕೊನೆಯಲ್ಲಿ ಎಸ್.ಎ. ಜಮೀಲರ 'ದುಬೈ ಕತ್ತ್ ಪಾಟ್ಟ್' ಕಾಸರಗೋಡಿನ ಮನೆಮನೆಯಲ್ಲೂ ಕೇಳಿತು. ಗಲ್ಫಿನಲ್ಲಿರುವ ಗಂಡನಿಗೆ ಹೆಂಡತಿ ಬರೆಯುವ ಪತ್ರದ ಹಾಡು ಅದು. ನಂತರ ಗಂಡನ ಉತ್ತರವೂ ಹಾಡಾಗಿ ಬಂತು. ಹೆಂಡತಿಯ ಪತ್ರ ಎಲ್ಲರಿಗೂ ನೆನಪಿದೆ, ಉತ್ತರ ಅಷ್ಟು ನೆನಪಿಲ್ಲ.

ಈಗ ಮೊಬೈಲಿನಲ್ಲಿ ಗಂಡಸರ ಸಮಸ್ಯೆ ಎಂದು ವಿಡಿಯೋಗಳು ಬರುತ್ತವೆ. ಎಲ್ಲದಕ್ಕೂ ಹೆಂಗಸರೇ ಕಾರಣ ಎಂದು ಗಂಟಲು ಹರಿದುಕೊಳ್ಳುತ್ತಾರೆ. ನಮ್ಮ ಹುಡುಗರೂ ಅದನ್ನು ಶೇರ್ ಮಾಡುತ್ತಾರೆ. ನಮ್ಮ ಉಪ್ಪಂದಿರ ಸ್ವಾತಂತ್ರ್ಯವನ್ನು ತೆಗೆದುಕೊಂಡದ್ದು ಬೀಡಿ ಕಟ್ಟಿ ಮನೆ ನಡೆಸಿದ ಉಮ್ಮಂದಿರಲ್ಲ. ತೆಗೆದುಕೊಂಡದ್ದು ಕೌಂಟರಿನ ಹಿಂದೆ ಕುಳಿತವನು, ಏಜೆಂಟ್, ಕಫೀಲ. ಮತ್ತೆ, ಹೇಳಿದರೆ ಬೇಜಾರಾಗಬಹುದು, ಅವನು ಕಳಿಸಿದ ದುಡ್ಡಿನಲ್ಲಿ ಮದುವೆಗೆ ಸಾವಿರ ಜನರನ್ನು ಕರೆದು ಇನ್ನೊಂದು ಐದು ವರ್ಷ ಅಲ್ಲೇ ಇರು ಎಂದ ನಾವು.

ಕುವೈತಿನಿಂದ 1990ರಲ್ಲಿ ಬಂದವರನ್ನು ನಾವು ಹೇಗೆ ಕಂಡೆವು? ಆಗಸ್ಟ್ 2ಕ್ಕೆ ಇರಾಕ್ ನುಗ್ಗಿತು. ಅಮ್ಮಾನಿನಿಂದ ಏರ್ ಇಂಡಿಯಾ ಸುಮಾರು 1.7 ಲಕ್ಷ ಭಾರತೀಯರನ್ನು ಕರೆತಂದಿತು, ಅದೊಂದು ದಾಖಲೆ ಎಂದು ಈಗಲೂ ಹೆಮ್ಮೆಪಡುತ್ತೇವೆ. ಆದರೆ ಪೆಟ್ಟಿಗೆ ಇಲ್ಲದೆ ಬಂದವನು ಊರಿನ ಕಣ್ಣಿನಲ್ಲಿ ಕೂಡಲೇ ಸಣ್ಣವನಾದ. ಅಂಗಡಿಯ ಸಾಲದ ಪುಸ್ತಕದಲ್ಲಿ ಅವನ ಹೆಸರು ಮತ್ತೆ ಬಂತು.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಗುಡ್ಡದ ಕೆಳಗೆ ಬಿತ್ತು. 158 ಮಂದಿ ಹೋದರು, 8 ಮಂದಿ ಉಳಿದರು. ಸತ್ತವರಲ್ಲಿ ಕಾಸರಗೋಡು, ದಕ್ಷಿಣ ಕನ್ನಡದವರೇ ಹೆಚ್ಚು. ಪರಿಹಾರದ ಮಾತು ಬಂದಾಗ ಕೇಳಿದ್ದು ಸಂಬಳದ ಚೀಟಿ. ಎಷ್ಟು ಸಂಪಾದಿಸುತ್ತಿದ್ದನೋ ಅಷ್ಟು ಬೆಲೆ. ಕಾಸರಗೋಡಿನ ಒಂದು ಕುಟುಂಬ ಕೋರ್ಟಿಗೆ ಹೋಯಿತು. 2011ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ, ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಯಾರಿಗಾದರೂ ಕನಿಷ್ಠ ಸುಮಾರು 75 ಲಕ್ಷ ಕೊಡಲೇಬೇಕು ಎಂದಿತು. ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಬದುಕಿದ್ದಾಗ ಸಂಬಳದಿಂದ ಅಳೆದರು, ಹೋದ ಮೇಲೂ ಅದೇ ಅಳತೆ.

ಒಮ್ಮೆ ಮಾತ್ರ ಜನ ಗೆದ್ದರು. 2018ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಇಸಿಆರ್‌ನವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುತ್ತೇವೆ ಎಂದು ಪ್ರಕಟಿಸಿತು. ಉಳಿದವರದ್ದು ನೀಲಿಯೇ. ಒಳಗಿನ ಪುಟದಲ್ಲಿ ಇದ್ದ ಮುದ್ರೆ ಹೊರಗಿನ ರಟ್ಟಿಗೆ ಬರುವುದಿತ್ತು. ಕ್ಯೂನಲ್ಲಿ ನಿಂತವನು ಹತ್ತನೇ ಪಾಸಾಗಿಲ್ಲ ಎಂದು ಹಿಂದೆ ನಿಂತ ಎಲ್ಲರಿಗೂ ಗೊತ್ತಾಗುವ ಹಾಗೆ. ಕೇರಳದಲ್ಲಿ ದೊಡ್ಡ ಗಲಾಟೆಯಾಯಿತು, ಕೋರ್ಟಿಗೂ ಹೋಯಿತು. ಅದೇ ತಿಂಗಳ 30ಕ್ಕೆ ಸಚಿವಾಲಯ ಹಿಂದೆ ಸರಿಯಿತು. ಮುದ್ರೆ ಹೋಗಲಿಲ್ಲ, ಬಣ್ಣ ಬರಲಿಲ್ಲ ಅಷ್ಟೆ. ಆದರೂ ಮೂರು ವಾರದೊಳಗೆ ಸರಕಾರ ಒಂದು ತೀರ್ಮಾನ ವಾಪಸ್ ತೆಗೆದದ್ದು ಸಣ್ಣ ವಿಷಯವಲ್ಲ.

ಇದಾಗಿ ಎರಡು ವರ್ಷಕ್ಕೆ ಕೊರೋನಾ. 2020ರ ಮಾರ್ಚಿನಲ್ಲಿ ಗಲ್ಫಿನಿಂದ ಬಂದವನೆಂದರೆ ರೋಗ ತಂದವನು ಎಂದಾಯಿತು. ಮನೆಯ ಮುಂದೆ ನೋಟಿಸ್ ಅಂಟಿಸಿದರು. ಆಚೆ ತಲಪಾಡಿಯಲ್ಲಿ ಕರ್ನಾಟಕ ರಸ್ತೆ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗೆ ಹೋಗುವ ಆಂಬುಲೆನ್ಸುಗಳು ಅಲ್ಲಿಂದಲೇ ತಿರುಗಿದವು, ದಾರಿಯಲ್ಲಿ ಜೀವಗಳು ಹೋದವು. ಎಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ರೋಗಿಗಳಿಗೆ ದಾರಿ ಬಿಡಿಸಬೇಕು ಎಂದು ಆದೇಶ ಕೊಟ್ಟಿತು, ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಹೈಕೋರ್ಟುಗಳು ಹಕ್ಕಿನ ಬಗ್ಗೆ ಒಂದೇ ಮಾತು ಹೇಳಿದ್ದ ಆ ಎರಡು ರಾಜ್ಯಗಳ ನಡುವೆಯೇ, ಪಾಸ್‌ಪೋರ್ಟ್ ಬೇಡದ ಗಡಿಯಲ್ಲೇ.

ಅದರ ಮರುವರ್ಷ, 2021ರ ಜೂನಿನಲ್ಲಿ, 1983ರ ಕಾಯಿದೆಯ ಜಾಗಕ್ಕೆ ಹೊಸ ವಲಸೆ ಮಸೂದೆಯ ಕರಡು ಬಂತು. ನಿಯಮ ಮೀರಿದ ಕಾರ್ಮಿಕನಿಗೂ 50,000 ರೂಪಾಯಿ ತನಕ ದಂಡ ಹಾಕಬಹುದು, ಪಾಸ್‌ಪೋರ್ಟ್ ತಡೆಹಿಡಿಯಬಹುದು ಎಂದು ಅದರಲ್ಲಿತ್ತು. ಏಜೆಂಟನಿಂದ ಮೋಸ ಹೋದವನೇ ದಂಡ ಕಟ್ಟಬೇಕೇ ಎಂದು ಕಾರ್ಮಿಕರ ಪರ ಇರುವವರು ಕೇಳಿದರು. ಜನರ ಅಭಿಪ್ರಾಯ ಕೇಳಲು ಸಚಿವಾಲಯ ಆ ಕರಡನ್ನು ವೆಬ್‌ಸೈಟಿನಲ್ಲಿ ಹಾಕಿತ್ತು. ಮುದ್ರೆ ಬಿದ್ದ ಪಾಸ್‌ಪೋರ್ಟಿನವರಿಗೆ ಅದನ್ನು ಅವರ ಭಾಷೆಯಲ್ಲಿ ಓದಿ ಹೇಳುವ ಕೆಲಸ ನಮ್ಮ ಕಡೆ ಮತ್ತೆ ಅಂಗಡಿಗಳಿಗೇ ಬಿತ್ತು.